ಕಾರಿನ ಬಾನೆಟ್ ಹಿಂಜ್: ಮನೆಯಲ್ಲೇ ಎಷ್ಟು ಬದಲಿಸಬಹುದು, ಎಲ್ಲಿ ಕೈ ಹಾಕಬಾರದು

ಓದುಗರ ಪ್ರಶ್ನೆ: ನನ್ನದು 2009ರ ಮಾರುತಿ ಆಲ್ಟೊ. ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಬಾನೆಟ್‌ನ ಬಲಗಡೆಯ ಹಿಂದಿನ ಮೂಲೆ ಸ್ವಲ್ಪ ಎದ್ದು ನಿಂತಿದೆ. ಹೈವೇಯಲ್ಲಿ ಜೋರು ಹೋದರೆ ಬಾನೆಟ್ ಅದುರುತ್ತದೆ. ಬಾನೆಟ್‌ಗೆ ಊರುವ ರಾಡ್‌ನ ಕ್ಲಿಪ್ ತುಂಡಾಗಿ ಮೊನ್ನೆ ಬಾನೆಟ್ ಭಾವನ ಹೆಗಲಿಗೆ ಬಿತ್ತು. ಅದಕ್ಕೆ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವಂಥ ಗ್ಯಾಸ್ ತುಂಬಿದ ಕೊಳವೆ, ಅಂದರೆ ಗ್ಯಾಸ್ ಸ್ಟ್ರಟ್ ಹಾಕಬೇಕು ಅಂತ ಯೋಚನೆ. ಭಾವನಿಗೆ ವೆಲ್ಡಿಂಗ್ ಗೊತ್ತಿದೆ. ಹಿಂಜ್ ಬಿಚ್ಚುವಾಗಲೇ ಅದರಡಿಗೆ ವಾಶರ್ ಇಟ್ಟು ಬಾನೆಟ್‌ನ ಹಿಂಭಾಗವನ್ನು ಒಂದಿಂಚು ಎತ್ತಿದರೆ ಎಂಜಿನ್ ಬಿಸಿ ಹೊರಗೆ ಹೋಗುತ್ತದೆ ಅಂತ ಅವರ ಲೆಕ್ಕ. ತಮ್ಮನಿಗೆ ಹಿಂಜ್ ಮುಂದೆ ಇಟ್ಟು ಬಾನೆಟ್ ಮುಂದಕ್ಕೆ ತೆರೆಯುವ ಹಾಗೆ ಮಾಡಬೇಕು ಅಂತ ಆಸೆ. ಇದರಲ್ಲಿ ಮನೆಯಲ್ಲೇ ಯಾವುದೆಲ್ಲ ಮಾಡಬಹುದು?

ಉತ್ತರ:

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಎದ್ದ ಮೂಲೆ ಕೂರಿಸುವುದು, ಸವೆದ ಹಿಂಜ್ ಬದಲಿಸುವುದು ಮನೆಯಲ್ಲಿ ಆಗುವ ಕೆಲಸ. ಗ್ಯಾಸ್ ಸ್ಟ್ರಟ್ ಕೂಡ ಆಗುತ್ತದೆ, ಅಳತೆ ಮಾಡಿ ಹಾಕಿದರೆ. ವಾಶರ್ ಇಟ್ಟು ಎತ್ತುವುದು ಬೇಡ. ಮುಂದಕ್ಕೆ ತೆರೆಯುವ ಬಾನೆಟ್ ಅಂತೂ ಬೇಡವೇ ಬೇಡ, ತಮ್ಮ ಅದನ್ನು ಮೊಬೈಲಿನಲ್ಲಿ ನೋಡಿ ಖುಷಿಪಡಲಿ.

ಯಾಕೆ ಅಂತ ಹೇಳಬೇಕಾದರೆ ಈ ಹಿಂಜ್ ಎಂತ ಕೆಲಸ ಮಾಡುತ್ತದೆ ಅಂತ ನೋಡಬೇಕು. ಮನೆ ಬಾಗಿಲಿನ ಬಿಜಾಗರಿಗೆ ಬಾಗಿಲು ತಿರುಗಿಸಿದರೆ ಕೆಲಸ ಮುಗಿಯಿತು. ಕಾರಿನದ್ದು ಹಾಗಲ್ಲ. ಎದುರಿನಿಂದ ಏನಾದರೂ ಗುದ್ದಿದರೆ ಬಾನೆಟ್ ಹಿಂದಕ್ಕೆ ಜಾರಲು ನೋಡುತ್ತದೆ. ಹಿಂದೆ ಇರುವುದು ಗಾಜು. ಗಾಜಿನ ಹಿಂದೆ ನೀವು. ಆ ಹೊತ್ತಿಗೆ ಅಷ್ಟು ದೊಡ್ಡ ತಗಡನ್ನು ಹಿಡಿದು ನಿಲ್ಲಿಸಲಿಕ್ಕೆ ಇರುವುದು ಆ ಎರಡು ಹಿಂಜ್ ಮಾತ್ರ.

ಬಾನೆಟ್ ಎತ್ತಿ ಒಳಗಡೆಯ ತಗಡನ್ನು ಒಮ್ಮೆ ನೋಡಿ. ಹೆಚ್ಚಿನ ಕಾರುಗಳಲ್ಲಿ ನಡುವೆ ಅಡ್ಡಕ್ಕೆ ಒಂದು ತಗ್ಗು ಗೆರೆಯೋ, ಎರಡೂ ಅಂಚಿನಲ್ಲಿ ಸಣ್ಣ ಕಚ್ಚುಗಳೋ ಇರುತ್ತವೆ. ಅದು ಚಂದಕ್ಕೆ ಮಾಡಿದ್ದಲ್ಲ. ಗುದ್ದಿದಾಗ ಬಾನೆಟ್ ಅಲ್ಲೇ ಮಡಚಿ ಮೇಲಕ್ಕೆ ಏಳಲಿ ಅಂತ ಬೇಕೆಂದೇ ಆ ಜಾಗವನ್ನು ಮೆತ್ತಗೆ ಬಿಟ್ಟಿರುತ್ತಾರೆ. ಹಿಂದೆ ಹಿಂಜ್ ಗಟ್ಟಿಯಾಗಿ ಹಿಡಿದರೆ ಮಾತ್ರ ನಡು ಮಡಚುತ್ತದೆ. ಹಿಂಜ್ ಕಿತ್ತು ಬಂದರೆ ಇಡೀ ತಗಡು ಗಾಜಿನ ಕಡೆಗೆ ಬರುತ್ತದೆ. ಹಾಗಾಗಿ ಎರಡು ವಿಷಯ ಮರೆಯಬೇಡಿ. ಹಿಂಜ್‌ನ ಹಿಡಿತ ಕಡಿಮೆಯಾಗುವ ಯಾವ ಕೆಲಸವನ್ನೂ ಮಾಡಬಾರದು. ಆ ಮಡಚುವ ಜಾಗಕ್ಕೆ ಪಟ್ಟಿ ಇಟ್ಟು ವೆಲ್ಡ್ ಮಾಡಿ ಗಟ್ಟಿ ಮಾಡಲೂ ಬಾರದು. ಭಾವನಿಗೆ ಇದನ್ನು ಮೊದಲೇ ಹೇಳಿಡಿ. ವೆಲ್ಡಿಂಗ್ ಬಲ್ಲವರ ಕೈ ಸುಮ್ನೆ ಇರುವುದಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. ಅದುರುವುದು, ಮೂಲೆ ಎದ್ದದ್ದು ಎರಡೂ ಒಂದೇ ರೋಗ ಅಂತ ತಿಳಿಯಬೇಡಿ. ಹೈವೇಯಲ್ಲಿ ಬಾನೆಟ್‌ನ ಮುಂಭಾಗ ಅದುರುತ್ತದೆಯಾ, ಹಿಂಭಾಗವಾ? ಪಕ್ಕದಲ್ಲಿ ಕೂತವರು ಗಮನಿಸಲಿ, ನೀವು ರಸ್ತೆ ನೋಡಿ. ಮುಂಭಾಗ ಅದುರಿದರೆ ಅದು ಹೆಚ್ಚಾಗಿ ಹಿಂಜ್‌ನ ತಪ್ಪಲ್ಲ. ಲಾಕ್ ಸಡಿಲವಾಗಿರುತ್ತದೆ, ಇಲ್ಲವೇ ಬಾನೆಟ್ ಕೂರುವ ರಬ್ಬರ್ ಸ್ಟಾಪರ್ ಗಟ್ಟಿಯಾಗಿಯೋ ತಗ್ಗಿಯೋ ಹೋಗಿರುತ್ತದೆ. ಬಾನೆಟ್ ಮುಚ್ಚಿ, ಮುಂದಿನ ಎಡ ಬಲ ಮೂಲೆಗಳನ್ನು ಅಂಗೈಯಿಂದ ಒತ್ತಿ ನೋಡಿ. ಒತ್ತಿದಾಗ ಇಳಿದು, ಬಿಟ್ಟಾಗ ಎದ್ದರೆ ಆ ಬದಿಯ ಸ್ಟಾಪರ್ ಬಾನೆಟ್‌ಗೆ ತಾಗುತ್ತಿಲ್ಲ ಅಂತ ಅರ್ಥ. ತಿರುಗಿಸಿ ಎತ್ತರ ಮಾಡುವ ಥರದ್ದಾದರೆ ಎರಡು ಸುತ್ತು ಬಿಚ್ಚಿ ಮೇಲೆ ತನ್ನಿ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಎಷ್ಟೋ ಜನರ "ಹಿಂಜ್ ಕಂಪ್ಲೇಂಟ್" ಇಲ್ಲಿಗೇ ಮುಗಿಯುತ್ತದೆ.

ಹಿಂದಿನ ಮೂಲೆಯ ಪರೀಕ್ಷೆ ಬೇರೆ. ಒಬ್ಬರು ಬಾನೆಟನ್ನು ಅರ್ಧಕ್ಕೆ ಎತ್ತಿ ಹಿಡಿಯಲಿ. ನೀವು ಹಿಂಜ್ ಹತ್ತಿರದ ಮೂಲೆಯನ್ನು ಹಿಡಿದು ಮೇಲೆ ಕೆಳಗೆ ಆಡಿಸಿ. ಇನ್ನೊಂದು ಕೈಯ ಬೆರಳು ಹಿಂಜ್‌ನ ಪಿನ್ ಮೇಲೆ ಇರಲಿ. ಪಿನ್ ಸವೆದಿದ್ದರೆ ಬೆರಳಿಗೆ ಟಕ್ ಅಂತ ಸಿಗುತ್ತದೆ. ಪಿನ್ ಗಟ್ಟಿ ಇದ್ದು ಮೂಲೆ ಮಾತ್ರ ಆಡಿದರೆ ಬೋಲ್ಟ್ ಸಡಿಲ. ಬೋಲ್ಟೂ ಗಟ್ಟಿ, ಪಿನ್ನೂ ಗಟ್ಟಿ, ಆದರೂ ಮೂಲೆ ಎದ್ದಿದೆ ಅಂತಾದರೆ ಹಿಂಜ್‌ನ ತೋಳು ಬಾಗಿದೆ. ಒಳಗೆ ಸ್ಪ್ಯಾನರ್ ಮರೆತು ಬಾನೆಟ್ ಒತ್ತಿ ಮುಚ್ಚಿದಾಗ ಹೀಗಾಗುತ್ತದೆ. ರಾಡ್ ತೆಗೆಯದೆ ಮುಚ್ಚಲು ಹೋದಾಗಲೂ ಆಗುತ್ತದೆ.

ನಮ್ಮ ಕಡೆ ಇನ್ನೊಂದು ಕಾರಣ ಇದೆ, ಬಯಲುಸೀಮೆಯವರಿಗೆ ಇದು ಅಷ್ಟಾಗಿ ಬರುವುದಿಲ್ಲ. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಮಂಜೇಶ್ವರ, ಉಪ್ಪಳ, ಕುಂಬಳೆ ಬದಿಯಲ್ಲಿ ಉಪ್ಪುಗಾಳಿ. ನಿಮ್ಮಂತೆ ಒಳಗಿನ ಊರಿನವರಿಗೆ ಉಪ್ಪು ಕಡಿಮೆ ಇರಬಹುದು, ಆದರೆ ಕಾರು ನಿಲ್ಲಿಸುವುದು ಹಲಸಿನ ಮರದಡಿಯೋ ಮಾವಿನ ಮರದಡಿಯೋ ಅಲ್ವಾ? ತರಗೆಲೆ, ಹೂವು, ಕಡ್ಡಿ ಎಲ್ಲ ವೈಪರ್ ಕೆಳಗಿನ ಜಾಲರಿಯಲ್ಲಿ ಇಳಿದು ನೀರು ಹೋಗುವ ತೂತಿನಲ್ಲಿ ಕೂರುತ್ತವೆ. ಆ ಕೊಳೆತ ಎಲೆ ಮಳೆಗಾಲ ಪೂರ್ತಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಿಂಜ್ ಇರುವುದು ಅಲ್ಲೇ ಪಕ್ಕದಲ್ಲಿ. ಮೊದಲು ಪಿನ್‌ಗೆ ತುಕ್ಕು. ತುಕ್ಕು ಹಿಡಿದ ಪಿನ್ ತಿರುಗುವುದಿಲ್ಲ. ನೀವು ಮುಂದಿನಿಂದ ಬಾನೆಟ್ ಎತ್ತುತ್ತೀರಿ, ಪಿನ್ ಜಪ್ಪಯ್ಯ ಅನ್ನುವುದಿಲ್ಲ, ಬದಲಿಗೆ ಬಾನೆಟ್‌ನ ಮೂಲೆಯ ತಗಡೇ ತಿರುಚುತ್ತದೆ. ಪ್ರತಿ ಸಲ ಎತ್ತುವಾಗಲೂ ಸ್ವಲ್ಪ ಸ್ವಲ್ಪ. ಒಂದು ದಿನ ನೋಡಿದರೆ ಮೂಲೆ ಎದ್ದಿರುತ್ತದೆ.

ನಿಮ್ಮ ಬಲಗಡೆಯ ಮೂಲೆಗೆ ಇದೇ ಆಗಿರಬಹುದು ಅಂತ ನನ್ನ ಸಂಶಯ. ನೋಡುವುದು ಸುಲಭ. ಒಬ್ಬರು ನಿಧಾನಕ್ಕೆ ಎತ್ತುವಾಗ ನೀವು ಟಾರ್ಚ್ ಹಿಡಿದು ಎರಡೂ ಹಿಂಜ್ ಗಮನಿಸಿ. ಎಡಗಡೆಯದ್ದು ಕೂಡಲೇ ತಿರುಗಿ, ಬಲಗಡೆಯದ್ದು ತಡೆದು ಆಮೇಲೆ ಕಿರ್ ಅಂತ ತಿರುಗಿದರೆ ರೋಗ ಸಿಕ್ಕಿತು. ಪಿನ್ ಸುತ್ತ ಕಂದು ಹುಡಿಯೂ ಕಾಣುತ್ತದೆ.

ಹಾಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ. ಮರುದಿನ ಬಾನೆಟನ್ನು ಹಿಂಜ್ ಹತ್ತಿರದಲ್ಲೇ ಹಿಡಿದು, ಮುಂದಿನ ತುದಿಯಲ್ಲಿ ಅಲ್ಲ, ಸಣ್ಣಕ್ಕೆ ಮೇಲೆ ಕೆಳಗೆ ಆಡಿಸಿ. ಮತ್ತೆ ಎಣ್ಣೆ, ಮತ್ತೆ ಆಡಿಸುವುದು. ಕಂದು ನೀರು ಬಂದು, ಆಮೇಲೆ ಎಣ್ಣೆ ತಿಳಿಯಾಗಿ ಬರುವವರೆಗೆ ಮಾಡಿ. ಡಬ್ಲ್ಯೂಡಿ-40 ಹೊಡೆದು ಅಷ್ಟಕ್ಕೇ ಬಿಡುವವರು ಇದ್ದಾರೆ. ಅದು ತುಕ್ಕು ಸಡಿಲಿಸುತ್ತದೆ, ಜಾಸ್ತಿ ದಿನ ಉಳಿಯುವುದಿಲ್ಲ. ಆಮೇಲೆ ಪಿನ್‌ಗೆ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟು, ಹೊರಗೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಗ್ರೀಸ್ ಮೆತ್ತಿ ಹಾಗೇ ಬಿಟ್ಟರೆ ನಮ್ಮ ರಸ್ತೆಯ ಕೆಂಪು ಧೂಳು ಅದಕ್ಕೆ ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ.

ಪಿನ್ ಆಡುತ್ತಿದ್ದರೆ, ತೋಳು ಬಾಗಿದ್ದರೆ ಹೊಸ ಹಿಂಜ್ ತನ್ನಿ. ಬಾಗಿದ್ದನ್ನು ಸುತ್ತಿಗೆಯಲ್ಲಿ ನೇರ ಮಾಡಬಹುದು, ಆದರೆ ಒಮ್ಮೆ ಬಾಗಿ ನೆಟ್ಟಗಾದ ಕಬ್ಬಿಣ ಎರಡನೇ ಸಲ ಬೇಗ ಬಾಗುತ್ತದೆ. ಪಿನ್ ತೆಗೆದು ಬೋಲ್ಟ್ ತೂರಿಸಿ ನಟ್ ಹಾಕುವ ಉಪಾಯವನ್ನೂ ಗ್ಯಾರೇಜುಗಳಲ್ಲಿ ಮಾಡುತ್ತಾರೆ. ಬೋಲ್ಟ್‌ನ ಥ್ರೆಡ್ ಭಾಗ ತೂತಿನೊಳಗೆ ಬಂದರೆ ಅದು ತಗಡನ್ನೇ ತಿನ್ನುತ್ತದೆ. ಅಷ್ಟು ಕಷ್ಟಪಡುವಷ್ಟು ದುಬಾರಿ ವಸ್ತು ಅಲ್ಲ ಇದು. ಗುಜರಿಯಲ್ಲಿ ಹುಡುಕುವುದಾದರೆ ಎಡ ಬಲ ಜೋಡಿಯಾಗಿ, ಎದುರು ಗುದ್ದದ ಕಾರಿನದ್ದೇ ನೋಡಿ ತೆಗೆದುಕೊಳ್ಳಿ.

ಹಿಂಜ್ ಬಿಚ್ಚುವ ಮೊದಲು ಅದು ಕೂತ ಬಾಡಿಯ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಪೇಂಟ್ ಉಬ್ಬಿದ ಜಾಗದಲ್ಲಿ ತುದಿ ಒಳಗೆ ಹೋದರೆ ಅಲ್ಲಿಗೆ ಮನೆಯ ಕೆಲಸ ನಿಲ್ಲಿಸಿ. ಕೊಳೆತ ತಗಡಿಗೆ ಎಷ್ಟು ಒಳ್ಳೆಯ ಬೋಲ್ಟ್ ಹಾಕಿದರೂ ಗುದ್ದಿದಾಗ ತಗಡು ಸಮೇತ ಕಿತ್ತು ಬರುತ್ತದೆ. ಅದು ಟಿಂಕರಿಂಗ್‌ನವರ ಕೆಲಸ. ಗಟ್ಟಿ ಇದ್ದರೆ ಮುಂದುವರಿಯಬಹುದು.

ಬದಲಿಸುವುದಕ್ಕೆ ಎರಡು ಜನ ಬೇಕು, ಸಮತಟ್ಟಾದ ಅಂಗಳ ಬೇಕು, ಗಾಳಿ ಇಲ್ಲದ ಹೊತ್ತು ಬೇಕು. ಹಳೆ ಹಿಂಜ್ ಕೂತ ಜಾಗದ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಇದನ್ನು ಬಿಟ್ಟರೆ ಆಮೇಲೆ ಅರ್ಧ ದಿನ ಸಂದು ಹೊಂದಿಸುವುದರಲ್ಲೇ ಹೋಗುತ್ತದೆ. ಬಾನೆಟ್‌ನ ಎರಡು ಹಿಂದಿನ ಮೂಲೆಗಳಡಿ ಹಳೆ ಟವೆಲ್ ಮಡಚಿ ಇಡಿ. ಬೋಲ್ಟ್ ತೆಗೆದ ಕೂಡಲೇ ಮೂಲೆ ಇಳಿಯುವುದು ಗಾಜಿನ ಬುಡಕ್ಕೆ. ಬಾನೆಟ್‌ನಲ್ಲಿ ಗಾಜಿಗೆ ನೀರು ಚಿಮ್ಮಿಸುವ ಪೈಪ್ ಇದ್ದರೆ ಬಿಡಿಸಿಡಿ. ಎರಡೂ ಬದಿ ಒಟ್ಟಿಗೆ ಬಿಚ್ಚಬೇಡಿ. ಬಲಗಡೆ ಬದಲಿಸಿ, ಬೋಲ್ಟ್ ಕೈಯಲ್ಲಿ ತಿರುಗುವಷ್ಟು ಹಾಕಿ, ಆಮೇಲೆ ಎಡಕ್ಕೆ ಹೋಗಿ. ಅಲ್ಲಿಯ ಬೋಲ್ಟ್ ಹೆಚ್ಚಾಗಿ 10 ಅಥವಾ 12 ನಂಬರ್ ಸ್ಪ್ಯಾನರ್‌ಗೆ ಬರುತ್ತವೆ. ಹಳೆಯವು ಚೆನ್ನಾಗಿದ್ದರೆ ಅವನ್ನೇ ಹಾಕಿ. ಹೊಸದು ಬೇಕಾದರೆ ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತು ಇರುವುದನ್ನು ಕೇಳಿ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಗುರುತಿಲ್ಲದ ಬೋಲ್ಟ್ ಗೇಟಿಗೆ ಸಾಕು, ಇಲ್ಲಿಗೆ ಬೇಡ.

ಕೆಲವು ಕಾರುಗಳಲ್ಲಿ ಬಾಡಿ ಕಡೆಯ ತುಂಡನ್ನು ವೆಲ್ಡ್ ಮಾಡಿಯೇ ಇರುತ್ತಾರೆ. ಬೋಲ್ಟ್ ಕಾಣದಿದ್ದರೆ ಕತ್ತರಿಸಲು ಹೋಗಬೇಡಿ. ಹಾಗೆಯೇ, ಬೋಲ್ಟ್‌ನಿಂದ ಕೂರಿಸಿದ ಹಿಂಜ್ ಅನ್ನು "ಗಟ್ಟಿ ಇರಲಿ" ಅಂತ ವೆಲ್ಡ್ ಮಾಡಿಸಬೇಡಿ. ಮುಂದೆ ಒಂದು ನೂಲು ಸರಿಸಬೇಕಾದರೂ ಆಗುವುದಿಲ್ಲ. ವೆಲ್ಡಿಂಗ್ ಬಿಸಿಗೆ ತಗಡಿನ ಸತುವಿನ ಲೇಪ ಸುಟ್ಟುಹೋಗಿ ಅಲ್ಲಿಂದಲೇ ತುಕ್ಕು ಶುರು. ಆ ಹೊಗೆ ಉಸಿರಿಗೂ ಒಳ್ಳೆಯದಲ್ಲ. ಕೆಳಗೆ ವೈರಿಂಗ್ ಇದೆ, ಪೆಟ್ರೋಲ್ ಪೈಪ್ ಇದೆ.

ಹೊಸ ಹಿಂಜ್ ಹಾಕಿದ ಮೇಲೆ ಬಾನೆಟನ್ನು ಧಡ್ ಅಂತ ಮುಚ್ಚಬೇಡಿ. ಮೆಲ್ಲ ಇಳಿಸಿ, ಲಾಕ್‌ನ ಕೊಂಡಿ ನೇರ ಲಾಕಿನ ಬಾಯಿಗೇ ಬರುತ್ತದೆಯಾ ನೋಡಿ. ಎರಡೂ ಬದಿಯ ಸಂದು ಸಮ ಇರಬೇಕು. ಒಂದು ರಟ್ಟಿನ ತುಂಡನ್ನು ಸಂದಿನ ದಪ್ಪಕ್ಕೆ ಮಡಚಿಕೊಂಡು ಎರಡೂ ಬದಿಗೆ ತೂರಿಸಿ ನೋಡಿದರೆ ಸಾಕು, ಸ್ಕೇಲ್ ಬೇಡ. ಹೊಂದಿದ ಮೇಲೆ ಬೋಲ್ಟ್ ಬಿಗಿಯಿರಿ. ಆಮೇಲೆ ಒಂದು ಅಡಿಗಿಂತ ಕಡಿಮೆ ಎತ್ತರದಿಂದ ಬಿಟ್ಟು ಲಾಕ್ ಆಗುತ್ತದೆಯಾ ನೋಡಿ. ಕೊನೆಗೆ ಕ್ಯಾಬಿನ್ನಿಂದ ಲಾಕ್ ಎಳೆದು, ಎರಡನೇ ಕೊಕ್ಕೆ, ಅಂದರೆ ಬೆರಳು ಹಾಕಿ ಬಿಡಿಸುವ ಆ ಸೇಫ್ಟಿ ಕ್ಯಾಚ್, ಬಾನೆಟನ್ನು ಹಿಡಿದು ನಿಲ್ಲಿಸುತ್ತದೆಯಾ ಅಂತ ಬಾನೆಟನ್ನು ಮೇಲಕ್ಕೆ ಎಳೆದು ಪರೀಕ್ಷಿಸಿ. ತಲಪಾಡಿಯಿಂದ ಕಾಸರಗೋಡಿಗೆ ಈಗ ಅಗಲ ರಸ್ತೆ, ವೇಗ ಜಾಸ್ತಿ. ಮೊದಲ ಲಾಕ್ ಕೈಕೊಟ್ಟರೆ ಬಾನೆಟ್ ಗಾಜಿಗೆ ಬಡಿಯುವುದನ್ನು ತಡೆಯುವುದು ಆ ಒಂದು ಕೊಕ್ಕೆ.

ಇನ್ನು ಸ್ಟ್ರಟ್. ಮೊದಲು ಒಂದು ಮಾತು: ತುಂಡಾದದ್ದು ರಾಡ್‌ನ ಕ್ಲಿಪ್. ಆ ಕ್ಲಿಪ್ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ನಾನಾದರೆ ಇವತ್ತೇ ಅದನ್ನು ಹಾಕಿ, ಸ್ಟ್ರಟ್ ಬಗ್ಗೆ ನಿಧಾನಕ್ಕೆ ಯೋಚಿಸುತ್ತೇನೆ. ಸ್ಟ್ರಟ್ ಹಾಕಿದ ಮೇಲೂ ರಾಡ್ ತೆಗೆದು ಬಿಸಾಡಬೇಡಿ. ಸ್ಟ್ರಟ್ ಒಳಗಿರುವುದು ಒತ್ತಡದಲ್ಲಿ ತುಂಬಿದ ನೈಟ್ರೋಜನ್. ಅದು ವರ್ಷ ಕಳೆದ ಹಾಗೆ ಸೋರುತ್ತದೆ. ಹೆಗಲಿಗೆ ಪೆಟ್ಟು ಬೀಳುವುದು ಆಗ ಮತ್ತೊಮ್ಮೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು, ಗುಜರಿಯಿಂದ ಯಾವುದೋ ಕಾರಿನ ಡಿಕ್ಕಿಯ ಸ್ಟ್ರಟ್ ತಂದು ಬಾನೆಟ್‌ಗೆ ಹಾಕುವುದು. ಡಿಕ್ಕಿ ಬಾಗಿಲಿಗೆ ಗಾಜಿದೆ, ಭಾರ ಇದೆ, ಸ್ಟ್ರಟ್ ಅದರ ಹಿಂಜ್‌ಗೆ ತೀರಾ ಹತ್ತಿರ ಕೂರುತ್ತದೆ. ಹಾಗಾಗಿ ಅವು 300, 400 ನ್ಯೂಟನ್ ಬಲದವು. ಸ್ಟ್ರಟ್‌ನ ಕೊಳವೆಯ ಮೇಲೆ ಎನ್ ಅಕ್ಷರದ ಜೊತೆ ಬರೆದಿರುವ ಸಂಖ್ಯೆ ಅದೇ. ಹತ್ತು ನ್ಯೂಟನ್ ಅಂದರೆ ಸುಮಾರು ಒಂದು ಕಿಲೋ ಎತ್ತುವ ಬಲ ಅಂತ ಇಟ್ಟುಕೊಳ್ಳಿ.

ನಿಮ್ಮ ಬಾನೆಟ್‌ಗೆ ಎಷ್ಟು ಬೇಕು ಅಂತ ಅಳೆಯಲು ಬಾನೆಟ್ ಬಿಚ್ಚಿ ತೂಗಬೇಕಾಗಿಲ್ಲ. ಮನೆಯಲ್ಲಿ ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿ ಇರುತ್ತದಲ್ಲ, ಅದು ಸಾಕು. ಬಾನೆಟ್ ಪೂರ್ತಿ ತೆರೆದು, ಅದರ ಮುಂದಿನ ಲಾಕ್ ಕೊಂಡಿಗೆ ತಕ್ಕಡಿ ಸಿಕ್ಕಿಸಿ. ರಾಡ್ ತೆಗೆದು, ಬಾನೆಟ್‌ಗೆ ಚೌಕವಾಗಿ, ಅಂದರೆ 90 ಡಿಗ್ರಿಯಲ್ಲಿ, ಬರುವ ಹಾಗೆ ತಕ್ಕಡಿಯಿಂದಲೇ ಎಳೆದು ಹಿಡಿಯಿರಿ. ಕೆಳಗೆ ಇನ್ನೊಬ್ಬರು ಕೈ ಕೊಟ್ಟು ನಿಂತಿರಲಿ. 4 ಕಿಲೋ ತೋರಿಸಿತು ಅಂತ ಇಟ್ಟುಕೊಳ್ಳೋಣ. ಹಿಂಜ್‌ನ ಪಿನ್ನಿಂದ ಆ ಕೊಂಡಿಗೆ ದೂರ 90 ಸೆಂಟಿಮೀಟರ್ ಅಂತ ಇರಲಿ. 4 ಕಿಲೋ ಅಂದರೆ 40 ನ್ಯೂಟನ್. 40ನ್ನು 0.9 ಮೀಟರಿಗೆ ಗುಣಿಸಿದರೆ 36. ಬಾನೆಟನ್ನು ತೆರೆದಲ್ಲೇ ನಿಲ್ಲಿಸಲು ಬೇಕಾದ ತಿರುಗಿಸುವ ಬಲ ಅದು.

ಇನ್ನೊಂದು ಅಳತೆ ಬೇಕು. ಸ್ಟ್ರಟ್ ಎಲ್ಲಿಂದ ಎಲ್ಲಿಗೆ ಹಾಕುತ್ತೀರೋ ಅಲ್ಲಿಗೆ ಒಂದು ದಾರ ಬಿಗಿದು ಕಟ್ಟಿ. ಹಿಂಜ್‌ನ ಪಿನ್ನಿಂದ ಆ ದಾರಕ್ಕೆ ಚೌಕವಾಗಿ ಎಷ್ಟು ದೂರ? 20 ಸೆಂಟಿಮೀಟರ್ ಸಿಕ್ಕಿದರೆ 36ನ್ನು 0.2ರಿಂದ ಭಾಗಿಸಿ. 180 ನ್ಯೂಟನ್. ಎರಡು ಬದಿಗೆ ಹಂಚಿದರೆ ಒಂದಕ್ಕೆ 90. ಮೇಲೆ ಶೇಕಡಾ 15ರಿಂದ 20 ಸೇರಿಸಿ. ಅಂದರೆ ತಲಾ 100ರಿಂದ 110 ನ್ಯೂಟನ್. ಆ ಹೆಚ್ಚುವರಿ ಯಾಕೆ ಅಂದರೆ ಗ್ಯಾಸಿನ ಬಲ ಬಿಸಿಯ ಜೊತೆ ಏರಿಳಿಯುತ್ತದೆ. 10 ಡಿಗ್ರಿ ಇಳಿದರೆ ಸುಮಾರು ಶೇಕಡಾ 3 ಕಡಿಮೆಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲೂ ಬಾನೆಟ್ ನಿಲ್ಲಬೇಕಲ್ಲ.

ಈಗ 400 ನ್ಯೂಟನ್ನಿನ ಡಿಕ್ಕಿ ಸ್ಟ್ರಟ್ ಎರಡು ಹಾಕಿದರೆ ಎಂತ ಆಗುತ್ತದೆ ನೋಡಿ. 800ನ್ನು 0.2ಕ್ಕೆ ಗುಣಿಸಿದರೆ 160. ಬೇಕಾದ್ದು 36. ಉಳಿದ 124ನ್ನು ನೀವು ಕೈಯಿಂದ ಸೋಲಿಸಿ ಬಾನೆಟ್ ಇಳಿಸಬೇಕು, ಅಂದರೆ ಮುಂದಿನ ತುದಿಯಲ್ಲಿ ಸುಮಾರು 14 ಕಿಲೋ ಭಾರ ಹಾಕಿ ಒತ್ತಬೇಕು. ಪ್ರತಿ ಸಲ ಒತ್ತುವಾಗಲೂ ಆ ಬಲ ಎಲ್ಲ ಬಾನೆಟ್‌ನ ತಗಡಿನ ಮೂಲಕ ಹಿಂಜ್‌ಗೆ ಹೋಗುತ್ತದೆ. ಆಲ್ಟೊದಂಥ ಹಗುರ ಬಾನೆಟ್ ನಡುವಿನಲ್ಲಿ ಉಬ್ಬುತ್ತದೆ, ಹಿಂದಿನ ಮೂಲೆ ಏಳುತ್ತದೆ. ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದೀರೋ ಅದೇ ರೋಗ ಬರುತ್ತದೆ. ಒಂದೇ ಬದಿಗೆ ಬಲವಾದ ಸ್ಟ್ರಟ್ ಹಾಕುವುದೂ ಬೇಡ, ಬಾನೆಟ್ ತಿರುಚುತ್ತದೆ.

ಮುಚ್ಚಿದಾಗ ಸ್ಟ್ರಟ್‌ನ ಗೆರೆ ಹಿಂಜ್‌ನ ಪಿನ್ನಿಗೆ ಹತ್ತಿರದಲ್ಲಿ ಹಾದುಹೋಗಬೇಕು, ಎರಡು ಮೂರು ಸೆಂಟಿಮೀಟರ್ ದೂರದಲ್ಲಿ. ಆಗ ಮುಚ್ಚಿದ ಬಾನೆಟನ್ನು ಅದು ಮೇಲಕ್ಕೆ ನೂಕುವುದಿಲ್ಲ, ಲಾಕ್ ಮೇಲೆ ಭಾರ ಬೀಳುವುದಿಲ್ಲ. ಈ ಜಾಗ ಹುಡುಕಲು ಸ್ಟ್ರಟ್ ಕೊಳ್ಳುವ ಮೊದಲು ಒಂದರೊಳಗೆ ಒಂದು ಜಾರುವ ಎರಡು ತುಂಡು ಪಿವಿಸಿ ಪೈಪ್ ತೆಗೆದುಕೊಳ್ಳಿ. ಎರಡು ತುದಿಗೂ ತಂತಿ ಕಟ್ಟಿ, ಸ್ಟ್ರಟ್ ಬರುವ ಜಾಗಕ್ಕೆ ತೂಗುಹಾಕಿ, ಬಾನೆಟ್ ತೆರೆದು ಮುಚ್ಚಿ ನೋಡಿ. ಬ್ಯಾಟರಿಗೆ ತಾಗುತ್ತದೆಯಾ, ವೈರಿಗೆ ತಾಗುತ್ತದೆಯಾ ಎಲ್ಲ ಗೊತ್ತಾಗುತ್ತದೆ. ತೆರೆದಾಗಿನ ಉದ್ದ, ಮುಚ್ಚಿದಾಗಿನ ಉದ್ದ ಪೈಪಿನ ಮೇಲೆ ಗುರುತು ಮಾಡಿಕೊಳ್ಳಿ. ಕೊಳ್ಳುವ ಸ್ಟ್ರಟ್ ಮುಚ್ಚಿದಾಗ ಪೂರ್ತಿ ಒಳಗೆ ಹೋಗಿ ಬುಡ ಮುಟ್ಟಬಾರದು, ಒಂದು ಸೆಂಟಿಮೀಟರ್ ಆದರೂ ಬಾಕಿ ಇರಬೇಕು. ಪೂರ್ತಿ ತೆರೆದಾಗ ಬಾನೆಟನ್ನು ರಾಡ್ ನಿಲ್ಲಿಸುವ ಎತ್ತರಕ್ಕಿಂತ ಮೇಲೆ ಒಯ್ಯಬಾರದು. ಒಯ್ದರೆ ಹಿಂದಿನ ಅಂಚು ಹೋಗಿ ವೈಪರ್‌ಗೋ ಬಾಡಿಗೋ ಒತ್ತುತ್ತದೆ.

ಬಾಡಿ ಕಡೆ ಬ್ರಾಕೆಟ್ ಕೂರಿಸಲು ಹೊಸ ತೂತು ಬೇಡ. ಮುಂದಿನ ಚಕ್ರದ ಮೇಲಿನ ತಗಡಿನ, ಅಂದರೆ ಫೆಂಡರ್‌ನ ಮೇಲಂಚಿನಲ್ಲಿ ಸಾಲಾಗಿ ಬೋಲ್ಟ್ ಇವೆ. ಮೂರು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಎರಡು ಬೋಲ್ಟ್‌ಗೆ ಸೇರುವ ಹಾಗೆ ಮಾಡಿಸಿ. ಒಂದೇ ಬೋಲ್ಟ್‌ಗೆ ಹಾಕಿದರೆ ಪಟ್ಟಿ ತಿರುಗುತ್ತದೆ. ಭಾವನ ಕೈಕೆಲಸ ಇಲ್ಲಿ ತೋರಿಸಲಿ, ಕಾರಿನಿಂದ ದೂರ, ಬೆಂಚಿನ ಮೇಲೆ.

ಬಾನೆಟ್ ಕಡೆ ಒಳಗಿನ ತಗಡಿನ ಮಡಿಕೆ ಇರುವ ಗಟ್ಟಿ ಭಾಗಕ್ಕೇ ಹಾಕಬೇಕು. ಇಲ್ಲಿ ತೂತು ಕೊರೆಯುವಾಗ ಎಷ್ಟೋ ಬಾನೆಟ್ ಹಾಳಾಗುತ್ತವೆ. ಒಳತಗಡು ದಾಟಿದ ಡ್ರಿಲ್ ಬಿಟ್ ಜರ್ ಅಂತ ನುಗ್ಗಿ ಹೊರಗಿನ ತಗಡನ್ನೂ ತೂರಿಬಿಡುತ್ತದೆ. ಪೆಟ್ರೋಲ್ ಪೈಪಿನ ಹಳೆ ರಬ್ಬರ್ ತುಂಡನ್ನು ಬಿಟ್‌ಗೆ ತೂರಿಸಿ, ತುದಿ ನಾಲ್ಕೈದು ಮಿಲಿಮೀಟರ್ ಮಾತ್ರ ಹೊರಗೆ ಕಾಣುವ ಹಾಗೆ ಮಾಡಿ. ಮೊದಲು 3 ಮಿಲಿಮೀಟರ್ ತೂತು. ಅದರಲ್ಲಿ ಬಗ್ಗಿಸಿದ ತಂತಿ ಇಳಿಸಿ ಒಳಗೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. ರಿವೆಟ್ ನಟ್, ಅಂದರೆ ಹೊರಗಿನಿಂದಲೇ ತೂರಿಸಿ ತಗಡಿಗೆ ಕಚ್ಚಿಸುವ ನಟ್, ಹಿಡಿಸುವಷ್ಟು ಆಳ ಇದ್ದರೆ ಮಾತ್ರ ದೊಡ್ಡದು ಮಾಡಿ. 6 ಮಿಲಿಮೀಟರ್ ಬೋಲ್ಟ್‌ನ ರಿವೆಟ್ ನಟ್‌ಗೆ ಸಾಮಾನ್ಯವಾಗಿ 9 ಮಿಲಿಮೀಟರ್ ತೂತು ಬೇಕು. ಕೊರೆದ ಅಂಚಿಗೆ ಕೂಡಲೇ ಪ್ರೈಮರ್ ಹಚ್ಚಿ. ನಾಳೆ ಅಂದರೆ ಈ ಊರಿನ ಹವೆಗೆ ನಾಳೆಯೇ ತುಕ್ಕು.

ಸ್ಟ್ರಟ್ ಕೂರಿಸುವಾಗ ಅದರ ಸಪೂರ ರಾಡ್ ಕೆಳಗೆ, ದಪ್ಪ ಕೊಳವೆ ಮೇಲೆ ಬರಲಿ. ಒಳಗಿರುವ ಸ್ವಲ್ಪ ಎಣ್ಣೆ ಸೀಲ್ ಹತ್ತಿರ ನಿಂತು ಅದನ್ನು ಒಣಗದಂತೆ ಕಾಯುತ್ತದೆ. ಎರಡು ತುದಿಯಲ್ಲಿ ಸ್ಟ್ರಟ್ ಸಿಕ್ಕಿಸುವ ಗುಂಡುಗಳೂ ಒಂದೇ ನೇರದಲ್ಲಿರಲಿ. ಓರೆಯಾದರೆ ಸೀಲ್ ಒಂದೇ ಬದಿಗೆ ಸವೆಯುತ್ತದೆ. ಸತ್ತ ಸ್ಟ್ರಟ್‌ಗೆ ತೂತು ಹೊಡೆಯುವುದು, ಕತ್ತರಿಸುವುದು, ಬೆಂಕಿಗೆ ಹಾಕುವುದು ಮಾಡಬೇಡಿ. ಸತ್ತದ್ದರಲ್ಲೂ ಒತ್ತಡ ಉಳಿದಿರುತ್ತದೆ.

ಈಗ ವಾಶರ್ ಇಟ್ಟು ಹಿಂಭಾಗ ಎತ್ತುವ ವಿಷಯ. ಭಾವನ ಯೋಚನೆ ಪೂರ್ತಿ ತಪ್ಪಲ್ಲ. ಕಾರು ನಿಂತಿರುವಾಗ ಬಿಸಿಗಾಳಿ ಆ ಸಂದಿನಿಂದ ಮೇಲೆ ಹೋಗುತ್ತದೆ. ಆದರೆ ಕಾರು ಓಡುವಾಗ ಲೆಕ್ಕ ತಿರುವುಮುರುವು. ಬಾನೆಟ್ ಮೇಲೆ ಹರಿದು ಬಂದ ಗಾಳಿ ಗಾಜಿಗೆ ಬಡಿದು ಅದರ ಬುಡದಲ್ಲಿ ಒತ್ತಡ ಕಟ್ಟುತ್ತದೆ. ಕ್ಯಾಬಿನ್ನಿಗೆ ಹೊರಗಿನ ಗಾಳಿ ಎಳೆಯುವ ಜಾಲರಿಯನ್ನು ಅಲ್ಲೇ ಇಟ್ಟದ್ದು ಅದಕ್ಕೇ, ಫ್ಯಾನ್ ಇಲ್ಲದೆಯೂ ಗಾಳಿ ಒಳಗೆ ಬರಲಿ ಅಂತ. ಅಲ್ಲಿ ಸಂದು ಮಾಡಿದರೆ ಒತ್ತಡದ ಗಾಳಿ ಎಂಜಿನ್ ಕಡೆಗೆ ಇಳಿಯಲು ನೋಡುತ್ತದೆ. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ಹೊರಹೋಗಲು ಅದು ಅಡ್ಡಿ. ಸಂಶಯ ಇದ್ದರೆ ಬಾನೆಟ್‌ನ ಹಿಂದಿನ ಅಂಚಿಗೆ ಉಣ್ಣೆ ನೂಲಿನ ಸಣ್ಣ ತುಂಡುಗಳನ್ನು ಟೇಪ್‌ನಿಂದ ಅಂಟಿಸಿ ಒಂದು ಸುತ್ತು ಹೋಗಿ ಬನ್ನಿ. ಬಾನೆಟ್ ನಡುವೆ ಅಂಟಿಸಿದ ನೂಲು ಹಿಂದಕ್ಕೆ ನೆಟ್ಟಗೆ ಮಲಗಿರುತ್ತದೆ, ಗಾಜಿನ ಬುಡದ್ದು ಅತ್ತಿತ್ತ ಒದ್ದಾಡುತ್ತದೆ.

ಇನ್ನೂ ಮುಖ್ಯ ವಿಷಯ, ಆ ಹಿಂದಿನ ಅಂಚಿನ ರಬ್ಬರ್ ಪಟ್ಟಿ. ಎಂಜಿನ್ ಕಡೆಯ ಹೊಗೆ, ಪೆಟ್ರೋಲ್ ವಾಸನೆ ಕ್ಯಾಬಿನ್ ಜಾಲರಿಗೆ ಹೋಗದಂತೆ ತಡೆಯುವುದು ಅದು. ಒಂದಿಂಚು ಎತ್ತಿದರೆ ಪಟ್ಟಿ ತಾಗುವುದೇ ಇಲ್ಲ. ಸೈಲೆನ್ಸರ್‌ನ ಮುಂದಿನ ಜಾಯಿಂಟ್ ಎಲ್ಲಿಯಾದರೂ ಸೋರುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ನಿಮಗೆ ಗೊತ್ತಾಗುವುದಿಲ್ಲ. ಜೂನ್ ಬಂದರೆ ಅದೇ ಸಂದಿನಿಂದ ನೀರು ಎಂಜಿನ್ ವೈರಿಂಗ್ ಮೇಲೆ. ವೈಪರ್ ತೋಳು ಎದ್ದ ಅಂಚಿಗೆ ಉಜ್ಜಬಹುದು. ಹಿಂದೆ ಎದ್ದ ಬಾನೆಟ್‌ನ ಲಾಕ್ ಕೊಂಡಿ ಮುಂದೆ ಓರೆಯಾಗಿ ಲಾಕಿಗೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ವಾಶರ್ ಗೋಪುರದ ಮೇಲೆ ಉದ್ದ ಬೋಲ್ಟ್‌ನಲ್ಲಿ ಕೂತ ಹಿಂಜ್ ಗುದ್ದಿದಾಗ ಬೋಲ್ಟನ್ನೇ ಬಾಗಿಸುತ್ತದೆ. ತಗಡಿಗೆ ತಗಡು ಒತ್ತಿ ಕೂತ ಹಿಡಿತ ಅದಕ್ಕೆ ಬರುವುದಿಲ್ಲ.

ಎಂಜಿನ್ ನಿಜವಾಗಿ ಬಿಸಿಯಾಗುತ್ತಿದ್ದರೆ ಕಾರಣ ಬೇರೆ ಕಡೆ ಹುಡುಕಿ. ರೇಡಿಯೇಟರ್ ಫ್ಯಾನ್ ತಿರುಗುತ್ತದೆಯಾ? ಎಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಶುರುವಾಗಬೇಕು. ರೇಡಿಯೇಟರ್‌ನ ತೆಳು ತಗಡಿನ ಪಟ್ಟಿಗಳ ನಡುವೆ ಧೂಳು, ಹುಳ ತುಂಬಿದೆಯಾ? ಥರ್ಮೋಸ್ಟಾಟ್ ಯಾವಾಗ ಬದಲಿಸಿದ್ದು? ಕೂಲಂಟ್ ಬದಲು ಬಾವಿ ನೀರು ಹಾಕಿ ಹಾಕಿ ಒಳಗೆ ತುಕ್ಕು ಕಟ್ಟಿದೆಯಾ? ಮುಚ್ಚಳ ತೆರೆದು ನೋಡುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಬಾನೆಟ್ ಮುಟ್ಟಿದರೆ ಬಿಸಿ ಅನ್ನುವುದಷ್ಟೇ ದೂರಾದರೆ, ಅದು ರೋಗವೇ ಅಲ್ಲ ಮಾರಾಯ್ರೇ. ಕೆಳಗೆ ಎಂಜಿನ್ ಇದೆ, ಮೇಲೆ ಬಿಸಿಲಿದೆ.

ತಮ್ಮನ ಮುಂದಕ್ಕೆ ತೆರೆಯುವ ಬಾನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಥ ಕಾರುಗಳು ಇವೆ. ಜಾಗ್ವಾರ್ ಇ-ಟೈಪ್ ಹಾಗೆ ತೆರೆಯುತ್ತದೆ, ಹಳೆಯ ಬಿಎಂಡಬ್ಲ್ಯೂ ಇ30 ಕೂಡ. ಗಾಳಿಗೆ ಬಾನೆಟ್ ಹಾರುವ ಭಯ ಅದರಲ್ಲಿ ಕಡಿಮೆ. ಆದರೆ ಅವುಗಳ ಮುಂಭಾಗದ ಚೌಕಟ್ಟನ್ನು ಮೊದಲಿನಿಂದಲೇ ಹಿಂಜ್‌ಗಾಗಿ ಮಾಡಿರುತ್ತಾರೆ. ಲಾಕ್ ಹಿಂದೆ ಇರುತ್ತದೆ. ನಿಮ್ಮ ಕಾರಿನ ಮುಂಭಾಗದ ತೆಳು ತಗಡಿಗೆ ಹಿಂಜ್ ಹಾಕಿ, ಹಿಂದೆ ಎರಡು ಪಿನ್ ಚುಚ್ಚಿದರೆ, ಗುದ್ದಿದಾಗ ಬಾನೆಟನ್ನು ಹಿಡಿಯುವುದು ಆ ಪಿನ್‌ಗಳು ಮಾತ್ರ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿ ಇಲ್ಲದ ಬದಲಾವಣೆಗೆ 182ಎ ಸೆಕ್ಷನ್‌ನಲ್ಲಿ ಮಾಲೀಕನಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದೇ ಅಳತೆಯ ಹಿಂಜ್ ಬದಲಿಸುವುದು ರಿಪೇರಿ. ಸ್ಟ್ರಟ್ ಹಾಕಿದರೂ ಆರ್‌ಸಿಯಲ್ಲಿ ಬರೆದದ್ದು ಯಾವುದೂ ಬದಲಾಗುವುದಿಲ್ಲ. ಆದರೂ ನಿಮ್ಮ ಕಾರಿಗೆ 15 ವರ್ಷ ದಾಟಿದೆ, ಈಗ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಒಯ್ದು ತೋರಿಸಬೇಕು. ಎದ್ದ ಬಾನೆಟ್, ಮುಂದಕ್ಕೆ ತೆರೆಯುವ ಬಾನೆಟ್ ಅಲ್ಲಿ ಕಣ್ಣಿಗೆ ಬೀಳುತ್ತದೆ. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿದ ಬದಲಾವಣೆ ಕ್ಲೈಮ್ ಹೊತ್ತಿಗೆ ತಕರಾರಿಗೆ ಕಾರಣವಾಗಬಹುದು.

ಹಿಂಜ್ ಕೆಲಸವನ್ನು ಮಳೆ ಶುರುವಾಗುವ ಮೊದಲು ಮುಗಿಸಿ. ವೈಪರ್ ಕೆಳಗಿನ ಎಲೆಯನ್ನೂ ಆಗಲೇ ತೆಗೆಯಿರಿ. ಒಂದು ತಿಂಗಳು ಓಡಿಸಿದ ಮೇಲೆ ಹಿಂಜ್‌ನ ಬೋಲ್ಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಸ್ಟ್ರಟ್ ಬೇಕೇ ಬೇಕು ಅಂತಾದರೆ ತಕ್ಕಡಿಯ ತೂಕ, ಪಿನ್ನಿಂದ ಲಾಕ್ ಕೊಂಡಿಗೆ ಇರುವ ದೂರ, ಪಿನ್ನಿಂದ ದಾರಕ್ಕೆ ಇರುವ ದೂರ, ಈ ಮೂರನ್ನೂ, ಜೊತೆಗೆ ಪೈಪಿನ ಮೇಲೆ ಗುರುತು ಮಾಡಿದ ಎರಡು ಉದ್ದಗಳನ್ನೂ ಬರೆದು ಕಳಿಸಿ. ಎಷ್ಟು ನ್ಯೂಟನ್ನಿನದ್ದು, ಎಷ್ಟು ಉದ್ದದ್ದು ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ. ಅಲ್ಲಿಯವರೆಗೆ ಗುಜರಿಯವನಿಗೆ ಅಡ್ವಾನ್ಸ್ ಕೊಡಬೇಡಿ.